ಮೀನಿಲ್ಲದ ತೊಟ್ಟಿ

ಮೀನಿಲ್ಲದ ತೊಟ್ಟಿಗೆ ದೀಪ ಹಾಕಿ, ಅದರ ಮುಂದೆ ಕುರ್ಚಿ ಎಳೆದುಕೊಂಡು ಗಂಟೆಗಟ್ಟಲೆ ನೋಡುತ್ತ ಕೂರುವ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮೂರನೇ ಮಹಡಿಯ ಆ ಮನೆಯಲ್ಲಿ ಅಂಥವನೊಬ್ಬ ಇದ್ದ. ಅವನ ಹೆಂಡತಿಗೆ ಅದೇನೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಅದಕ್ಕೂ ಮುಂಚಿನ ಎರಡು ತಿಂಗಳು ಅವನು ಗೋಡೆ ನೋಡಿಕೊಂಡು ಕೂತಿದ್ದ. ಗೋಡೆಗಿಂತ ನೀರು ವಾಸಿ ಅಂದುಕೊಂಡು ಅವಳು ತನ್ನ ಪಾಡಿಗೆ ತಾನು ಊಟದ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಅವನು ರೈಲಿನ ಇಂಜಿನ್ ಓಡಿಸುವವನು. ಇಪ್ಪತ್ತೆರಡು ವರ್ಷ ಓಡಿಸಿದ್ದ. ಹೋದ ವರ್ಷ ಶ್ವಾಸಕೋಶಕ್ಕೆ ಕಾಯಿಲೆ ಹತ್ತಿ ತಿಂಗಳುಗಟ್ಟಲೆ ಮಾತ್ರೆ ನುಂಗಿದ. ಕಾಯಿಲೆ ಹೋಯಿತು, ಹೋಗುವಾಗ ಸುಮ್ಮನೆ ಹೋಗದೆ ಕಣ್ಣಿನಿಂದ ಬಣ್ಣ ಹೊತ್ತುಕೊಂಡು ಹೋಯಿತು. ಅಕ್ಷರ ಕಾಣುತ್ತಿತ್ತು, ಮುಖ ಕಾಣುತ್ತಿತ್ತು. ಹಸಿರು, ಹಳದಿ, ಕೆಂಪು, ಕಂದು ಮಾತ್ರ ಒಂದರೊಳಗೊಂದು ಕಲಸಿಹೋಗಿದ್ದವು. ಇದು ಮಾತ್ರೆಯ ಕೆಲಸ, ಕೆಲವರಿಗೆ ಬಣ್ಣ ತಿರುಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಸಿಗ್ನಲ್ಲಿನ ಬಣ್ಣ ತಿಳಿಯದವನ ಕೈಗೆ ರೈಲು ಯಾರು ಕೊಡುತ್ತಾರೆ? ಇಂಜಿನ್ನಿನಿಂದ ಇಳಿಸಿ ರಜೆ ಕೊಟ್ಟರು. ರಜೆ ಮುಗಿಯುವ ದಿನ ಮತ್ತೊಂದು ಪರೀಕ್ಷೆ. ಪಾಸಾದರೆ ಇಂಜಿನ್. ಇಲ್ಲದಿದ್ದರೆ ಡಿಪೋ ಕಚೇರಿಯಲ್ಲಿ ಒಂದು ಮೇಜು. ಬೇರೆ ಚಾಲಕರು ಎಷ್ಟು ಗಂಟೆಗೆ ಹತ್ತಿದರು, ಎಷ್ಟು ಗಂಟೆಗೆ ಇಳಿದರು ಎಂದು ನಿವೃತ್ತಿಯವರೆಗೂ ಬರೆಯುತ್ತ ಕೂರುವುದು.

ವರ್ಗವಾಗಿ ಹೊರಟಿದ್ದ ಜೊತೆಯ ಚಾಲಕನೊಬ್ಬ ತನ್ನ ಮನೆಯ ಗಾಜಿನ ತೊಟ್ಟಿಯನ್ನು ಇವನಿಗೆ ಕೊಟ್ಟುಹೋದ. ಮೀನುಗಳನ್ನು ಅವನು ಆಗಲೇ ಯಾರಿಗೋ ಕೊಟ್ಟಾಗಿತ್ತು. ಅವನೂ ಕಾಲೇಜಿಗೆ ಹೋಗುವ ಮಗಳೂ ಸೇರಿ ಅದನ್ನು ಮೂರು ಮಹಡಿ ಹೊತ್ತು ತಂದು ನಡುಮನೆಯಲ್ಲಿ ಇಟ್ಟರು. ಕಲ್ಲು ತೊಳೆದು ಹಾಸಿದ್ದಾಯಿತು, ನೀರು ತುಂಬಿದ್ದಾಯಿತು, ಮೂಲೆಯಲ್ಲಿ ಸ್ಪಂಜು ಸಿಕ್ಕಿಸಿ ಗಾಳಿಯ ಪಂಪು ಹಚ್ಚಿದ್ದೂ ಆಯಿತು. ಗುಳುಗುಳು ಶಬ್ದ ಶುರುವಾಯಿತು. ಮೀನು ಮಾತ್ರ ಬರಲಿಲ್ಲ.

"ಮೀನು ಯಾವಾಗಪ್ಪ ತರ್ತೀಯ?" ಎಂದರು ಅವನ ಅಪ್ಪ.

"ಆರು ವಾರ ಆಗ್ಬೇಕು."

"ಆರು ವಾರ! ಅಲ್ಲಿವರೆಗೆ ಏನು, ನೀರಿಗೆ ಸಂಗೀತ ಕೇಳಿಸ್ತೀಯಾ?"

ಅವಳ ಈ ಮಾವನವರನ್ನು ಬೀದಿಯವರೆಲ್ಲ ನೀರಪ್ಪ ಎನ್ನುತ್ತಿದ್ದರು. ನಲವತ್ತು ವರ್ಷ ಊರಿನ ಕುಡಿಯುವ ನೀರು ಶುದ್ಧ ಮಾಡುವಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಲೋಟದ ನೀರನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವ ಮನುಷ್ಯ.

ಮಗ ವಿವರಿಸಿದ. ಮೀನಿನ ಅಂಗಡಿಯವನು ಒಂದು ಹಾಳೆ ಕೊಟ್ಟಿದ್ದ, ಅದರಲ್ಲಿ ಇದ್ದದ್ದಿಷ್ಟು: ಖಾಲಿ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಬೇಕು. ಅದು ಕೊಳೆತು ನೀರು ವಿಷವಾಗುತ್ತದೆ. ಆ ವಿಷ ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಿಗಳು ನಿಧಾನವಾಗಿ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಮನೆ ಮಾಡುತ್ತವೆ. ಅವು ಸಾಕಷ್ಟು ಆದ ಮೇಲೆ ನೀರಿನಲ್ಲಿ ವಿಷ ಉಳಿಯುವುದಿಲ್ಲ. ಆಮೇಲೆ ಮೀನು ಬಿಡಬಹುದು. ಅವಸರ ಮಾಡಿದರೆ ಮೀನು ತನ್ನ ಹೊಲಸಿನಿಂದಲೇ ಸಾಯುತ್ತದೆ.

ನೀರಪ್ಪ ಪೂರ್ತಿ ಕೇಳಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಕೇಳಿದೆಯೇನಮ್ಮಾ? ನಲವತ್ತು ವರ್ಷ ನೀರಿನಲ್ಲಿರೋ ಜೀವಿ ಕೊಂದು ಸಂಬಳ ತಂದೋನು ನಾನು. ನನ್ನ ಮಗ ಅವನ್ನ ಕೂಡಿಸಿ ಸಾಕ್ತಾನಂತೆ!"

ಅವಳು ನಗಲಿಲ್ಲ. ನಗು ಬರುವ ಮಾತೇ, ಆದರೆ ಆ ವರ್ಷ ಅವಳಿಗೆ ನಗುವೂ ಅಷ್ಟಕ್ಕಷ್ಟೆ, ಅಳುವೂ ಅಷ್ಟಕ್ಕಷ್ಟೆ. "ಊಟಕ್ಕೆ ಬನ್ನಿ ಮಾವ," ಎಂದಳು.

ವಿಷ ಎಷ್ಟಿದೆ ಎಂದು ನೋಡಲು ಒಂದು ಡಬ್ಬಿ ಇತ್ತು. ಗಾಜಿನ ಟ್ಯೂಬಿಗೆ ತೊಟ್ಟಿಯ ನೀರು ತುಂಬಿ, ಔಷಧಿಯ ಹನಿ ಬಿಟ್ಟು, ಅಲುಗಾಡಿಸಿ, ಬಣ್ಣವನ್ನು ಒಂದು ಪಟ್ಟಿಗೆ ಹೋಲಿಸಬೇಕು. ಹಳದಿ ಇದ್ದರೆ ವಿಷ ಇಲ್ಲ. ಹಸಿರು ಹೆಚ್ಚಿದಷ್ಟೂ ವಿಷ ಹೆಚ್ಚು. ಹಣೆಬರಹ ನೋಡಿ, ಇವನಿಗೆ ಗೊತ್ತಾಗದಿದ್ದ ಬಣ್ಣಗಳಲ್ಲೇ ಎರಡು!

"ನೀನು ನೋಡಿ ಹೇಳು," ಎಂದು ಮೊದಲನೇ ದಿನವೇ ಅವನು ಟ್ಯೂಬನ್ನು ಹೆಂಡತಿಯ ಕೈಗೆ ಕೊಟ್ಟ.

ಕೊಟ್ಟದ್ದು ಸರಿಯಾದ ಕೈಗೇ. ಅವಳು ಬಟ್ಟೆ ರಿಪೇರಿ ಮಾಡುವ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಹೊಲಿಯುವವಳು. ಹರಿದ ಕೋಟಿಗೆ, ಬಿಚ್ಚಿದ ಅಂಚಿಗೆ, ಯಾರಿಗೂ ಗೊತ್ತಾಗದ ಹಾಗೆ ನೂಲು ಹೊಂದಿಸುವುದೇ ಅವಳ ಕಸುಬು. ಹಸಿರು ನೂಲು ಒಂದರಲ್ಲೇ ಹನ್ನೊಂದು ಬಗೆಯನ್ನು ಕಣ್ಣಳತೆಯಲ್ಲೇ ಬೇರೆ ಮಾಡುತ್ತಿದ್ದಳು.

"ಹಳದಿ," ಎಂದಳು.

"ಹಳದಿ," ಎಂದು ಅವನೂ ಹೇಳಿ ಪುಸ್ತಕದಲ್ಲಿ ಬರೆದ.

"ನಾನು ಹೇಳಿದೆನಲ್ಲ, ನೀವ್ಯಾಕೆ ತಿರುಗಿ ಹೇಳೋದು?"

"ಇಂಜಿನ್ನಿನಲ್ಲಿ ಹಾಗೇ ಕಣೇ. ಇಬ್ಬರಿರ್ತೀವಿ. ಒಬ್ಬ ಸಿಗ್ನಲ್ ನೋಡಿ ಕೂಗಬೇಕು, ಇನ್ನೊಬ್ಬ ತಾನೂ ಕಣ್ಣಾರೆ ನೋಡಿ ತಿರುಗಿ ಕೂಗಬೇಕು. ನೋಡದೆ ಕೂಗೋ ಹಾಗಿಲ್ಲ." ಪುಸ್ತಕ ಮುಚ್ಚುತ್ತ, "ನಾನೀಗ ನೋಡದೇ ಕೂಗ್ತಿದ್ದೀನಿ. ಇರಲಿ ಬಿಡು," ಎಂದ.

ಹೀಗೆ ದಿನಾ ಸಂಜೆ, ಅವಳು ಕೆಲಸದಿಂದ ಬಂದು ಕೈಕಾಲು ತೊಳೆದು ಅನ್ನಕ್ಕಿಟ್ಟ ಹೊತ್ತಿಗೆ, ಟ್ಯೂಬು ಅಡುಗೆಮನೆಯ ಬಾಗಿಲಿಗೆ ಬರುತ್ತಿತ್ತು. ಮೊದಲ ವಾರ ಹಳದಿ. ಎರಡನೇ ವಾರ ತಿಳಿಹಸಿರು. ಮೂರನೇ ವಾರ ಕಡುಹಸಿರು, ನೀರು ಗಂಜಿಯಂತೆ ಮಂಕು, ನಡುಮನೆಯಲ್ಲಿ ಒಂಥರಾ ವಾಸನೆ. ಅವನಿಗೆ ಮಾತ್ರ ಹುರುಪು ಬಂದಿತ್ತು. ಬೆಳಿಗ್ಗೆ ತಾನಾಗಿಯೇ ಏಳುತ್ತಿದ್ದ. ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಒಂದು ದಿನ ಯಾರೂ ಹೇಳದೆ ಪಾತ್ರೆ ತೊಳೆದಿಟ್ಟ.

"ಪರೀಕ್ಷೆ ಸೋಮವಾರ. ಅದರ ಹಿಂದಿನ ಶನಿವಾರಕ್ಕೆ ಸರಿಯಾಗಿ ಆರು ವಾರ. ಮೀನು ತಂದು ಬಿಟ್ಟೇ ಪರೀಕ್ಷೆಗೆ ಹೋಗೋದು," ಎಂದು ಲೆಕ್ಕ ಹಾಕಿದ್ದ.

ಕಣ್ಣಿಗೂ ಅವನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಕಾಲೇಜಿಗೆ ಹೊರಟ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ, "ಪುಟ್ಟಿ, ನಿನ್ನ ಚೀಲ ಕೆಂಪಲ್ವಾ?" ಎಂದ ಒಮ್ಮೆ. ಚೀಲ ಕಂದು ಬಣ್ಣದ್ದು. ಮಗಳು ಅಮ್ಮನ ಮುಖ ನೋಡಿದಳು, ಅಮ್ಮ ಚಪ್ಪಲಿ ನೋಡಿದಳು. "ಹೌದಪ್ಪ, ಕೆಂಪು," ಎಂದು ಮಗಳು ಮೆಟ್ಟಿಲಿಳಿದಳು. ಅವತ್ತು ಅವನು ಎರಡು ಸಲ ಅನ್ನ ಬಡಿಸಿಕೊಂಡ. ಅಲ್ಲಿಂದ ಅದು ಮನೆಯ ರೂಢಿಯಾಗಿಹೋಯಿತು. ಬಕೆಟ್ಟು, ಛತ್ರಿ, ಎದುರುಮನೆಯ ಪರದೆ, ಅವನು ಏನಂದರೂ ಹೌದೇ. ಒಂದು ಹೌದು ಎಂದರೆ ಒಂದು ಹೊತ್ತು ಮನೆ ತಣ್ಣಗಿರುತ್ತಿತ್ತು, ಅವಳಿಗೆ ಅಷ್ಟು ಸಾಕಾಗಿತ್ತು.

ನಾಲ್ಕನೇ ವಾರ ಟ್ಯೂಬು ಮತ್ತೆ ಹಳದಿಯತ್ತ ತಿರುಗಿತು. ಜೀವಿಗಳು ಬಂದುಬಿಟ್ಟವು, ತಿನ್ನಲು ಶುರು ಮಾಡಿವೆ ಎಂದು ಅವನು ಮನೆಯಲ್ಲೆಲ್ಲ ಸಾರಿದ. ನೀರೂ ಇನ್ನು ತಾನಾಗಿ ತಿಳಿಯಾಗುತ್ತದೆ ಎಂದು ಹಾಳೆಯಲ್ಲಿತ್ತು.

ಐದನೇ ವಾರದಲ್ಲಿ ಒಂದು ದಿನ ಅವನು ಕಾಗದಪತ್ರಕ್ಕೆ ಸಹಿ ಹಾಕಲು ಡಿಪೋಗೆ ಹೋದ. ಅವಳು ಅಂಗಡಿಯಲ್ಲಿದ್ದಳು, ಮಗಳು ಕಾಲೇಜಿನಲ್ಲಿ. ಮನೆಯಲ್ಲಿ ನೀರಪ್ಪ ಒಬ್ಬರೇ, ಮತ್ತು ಆ ಮಂಕು ನೀರು. ಪಾಪ, ಐದು ವಾರ ತಡೆದುಕೊಂಡದ್ದೇ ಹೆಚ್ಚು! ಮಗ ಬರುವಷ್ಟರಲ್ಲಿ ಒಂದು ಉಪಕಾರ ಮಾಡಿಬಿಡೋಣ ಅಂದುಕೊಂಡರು. ಜೀವಿಗಳು ಅಲ್ಲಿ ಮನೆ ಮಾಡುತ್ತವೆ ಎಂದು ಮಗ ಹೇಳಿದ್ದು ಆ ಹೊತ್ತಿಗೆ ಮರೆತೇಹೋಗಿತ್ತು. ಸ್ಪಂಜು ಕಿತ್ತರು, ಜಿಗಟು ಜಿಗಟು, ಕಂದು ಲೋಳೆ. ಬ್ಲೀಚಿಂಗ್ ಪುಡಿ ಕಲಸಿ ಅದನ್ನೂ ಕಲ್ಲನ್ನೂ ಹೊಸದರಂತೆ ಉಜ್ಜಿದರು. ಹಳೇ ನೀರು ಚೆಲ್ಲಿ ನಲ್ಲಿಯ ನೀರು ತುಂಬಿದರು. ನಲವತ್ತು ವರ್ಷದ ಕೈ, ಒಂದು ಹನಿ ಕೊಳೆ ಉಳಿಯಲಿಲ್ಲ.

ಮಧ್ಯಾಹ್ನ ಮೊದಲು ಬಂದವಳು ಮಗಳು. ಆಗಲೇ ತಾತನಿಗೆ ತಾನು ಮಾಡಿದ್ದೇನು ಎಂದು ತಿಳಿದದ್ದು. ಸೊಸೆ ಬಂದು ಚಪ್ಪಲಿ ಬಿಡುವುದರೊಳಗೆ ಮೆಟ್ಟಿಲ ಬಳಿಯೇ ಕಾದು ನಿಂತಿದ್ದರು.

"ಅಮ್ಮಾ, ಒಂದು ಎಡವಟ್ಟಾಗಿದೆ. ಅವನ ಜೀವಿಗಳನ್ನೆಲ್ಲ ಕೊಂದುಬಿಟ್ಟೆ."

"ಎಲ್ಲಾನೂ?"

"ನಾನು ತೊಳೆದ್ರೆ ಒಂದು ಉಳಿಯುತ್ತಾ?" ಎಂದರು. ಆ ಗಾಬರಿಯಲ್ಲೂ ದನಿಯಲ್ಲಿ ಎಲ್ಲೋ ಒಂಚೂರು ಹೆಮ್ಮೆ. ಆಮೇಲೆ ಮುಖ ಇಳಿಯಿತು. "ಮೊದಲಿಂದ ಶುರು ಮಾಡ್ಬೇಕಂತೆ, ಪುಟ್ಟಿ ಹೇಳಿದಳು. ಹೆಂಗಮ್ಮಾ ಹೇಳೋದು ಅವನಿಗೆ? ಈಗ್ತಾನೆ ಮನುಷ್ಯನ ಥರ ಉಣ್ತಿದ್ದಾನೆ."

ಹೇಳಬೇಕಾದದ್ದು ಆವಾಗಲೇ. ಆದರೆ ಗಂಡ ಮೆಟ್ಟಿಲು ಹತ್ತಿ ಬಂದ, ತೊಟ್ಟಿ ನೋಡಿದ, ನಿಂತಲ್ಲೇ ನಿಂತ. "ತಿಳಿಯಾಯ್ತಲ್ಲೇ! ಹಾಳೆಯಲ್ಲಿ ಬರೆದ ಹಾಗೇ ಆಯ್ತು!" ಎಂದ. ಆ ವರ್ಷ ಅವನು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು. ಮೂವರೂ ಬಾಯಿಗೆ ಬೀಗ ಹಾಕಿಕೊಂಡರು.

ಅವತ್ತು ಟ್ಯೂಬು ನಿಜವಾಗಿಯೂ ಹಳದಿ. ಹೊಸ ನೀರು ತಾನೇ. ಚಿಟಿಕೆ ಆಹಾರ ದಿನಾ ಬೀಳುತ್ತಲೇ ಇತ್ತು, ತಿನ್ನುವವರು ಯಾರೂ ಇರಲಿಲ್ಲ. ನಾಲ್ಕನೇ ದಿನ ಸಂಜೆ ಅವನು ಟ್ಯೂಬು ಹಿಡಿದು ಬಂದವನು ಅದನ್ನು ಅವಳ ಕೈಗೆ ಕೊಡಲಿಲ್ಲ.

"ಇವತ್ತಿಂದ ನಾನು ಕೂಗ್ತೀನಿ, ನೀನು ತಿರುಗಿ ಕೂಗು. ಪರೀಕ್ಷೆಗೆ ಅಭ್ಯಾಸ ಆಗ್ಲಿ." ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ. "ಹಳದಿ."

ಟ್ಯೂಬಿನಲ್ಲಿ ಹಸಿರು. ಹನ್ನೊಂದು ನೂಲಿನಲ್ಲಿ ಅದು ಐದನೆಯದು. ಅವನ ಬೆನ್ನ ಹಿಂದೆ ಮಾವ ಕುರ್ಚಿಯಿಂದ ಅರ್ಧ ಎದ್ದು ಅವಳನ್ನೇ ನೋಡುತ್ತಿದ್ದರು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು.

"ಹಳದಿ," ಎಂದಳು ಅವಳು, ಮತ್ತು ಹೋಗಿ ಉರಿ ತಗ್ಗಿಸಿದಳು.

ಮಾರನೇ ದಿನವೂ ಹಳದಿ. ಅದರಾಚೆಯ ದಿನವೂ. ಅಂಗಡಿಯಲ್ಲಿ ಕೂತು ಹೊಲಿಯುವಾಗ ಅವಳು ಆ ಬಗ್ಗೆ ಯೋಚಿಸುತ್ತಿರಲಿಲ್ಲ. ಯೋಚಿಸಬೇಕು ಅನ್ನಿಸುತ್ತಿತ್ತು, ಯೋಚನೆಯೇ ಬರುತ್ತಿರಲಿಲ್ಲ. ಮನೆಯಲ್ಲಿ ಒಮ್ಮೆ ಮಗಳು ಅವಳನ್ನು ಸ್ನಾನದಮನೆ ಬಾಗಿಲಲ್ಲಿ ಹಿಡಿದು ನಿಲ್ಲಿಸಿದಳು.

"ಅಮ್ಮ, ಅದು ಕಡುಹಸಿರು. ನಾನು ನೋಡ್ದೆ."

"ನನಗೂ ಕಣ್ಣಿದೆ."

"ಮತ್ತೆ ಯಾಕಮ್ಮ?"

"ನೀನು ಚೀಲ ಕೆಂಪು ಅಂದೆಯಲ್ಲ, ಅದು ಯಾಕೆ?"

"ಅದು ಚೀಲ ಅಮ್ಮ. ಈ ನೀರಿಗೆ ಅಪ್ಪ ಮೀನು ಬಿಡ್ತಾನೆ."

"ಹೋಗು, ಸ್ನಾನ ಮಾಡು. ನೀರು ಆರುತ್ತೆ," ಎಂದಳು.

ಶನಿವಾರ ಬಂತು. ಗಂಡ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಗಾಳಿ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಆರು ಸಣ್ಣ ಮೀನು ತಂದ. ಉಗುರಿನಷ್ಟುದ್ದದವು. ಚೀಲವನ್ನು ಹಾಗೇ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟ. ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬರಲಿ ಎಂದು. ಮಗಳನ್ನು ಕರೆದ, ಅಪ್ಪನನ್ನು ಕರೆದ. ನೀರಪ್ಪ ಬರಲಿಲ್ಲ, ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಕೊಂಡು ಕೂತರು.

"ಕೊನೇ ಸಲ ನೋಡಿಬಿಡೋಣ," ಎಂದು ಟ್ಯೂಬು ತುಂಬಿ, ಹನಿ ಬಿಟ್ಟು, ಅಲುಗಾಡಿಸಿ, ಐದು ನಿಮಿಷ ಕಾದು ಎತ್ತಿಹಿಡಿದ. "ಹಳದಿ. ಕೂಗು."

ಅವಳು ಕೂಗಲಿಲ್ಲ. ಚೀಲದೊಳಗೆ ಆರೂ ಮೀನು ಒಂದೇ ಕಡೆ ಮುಖ ಮಾಡಿ ನಿಂತಿದ್ದವು.

"ಕೂಗೇ. ಸೋಮವಾರ ಡಾಕ್ಟರ ಹತ್ತಿರ ಇದೇ ಥರ ಪಟಪಟ ಹೇಳಿಬಿಡ್ತೀನಿ. ನೋಡ್ತಿರು, ಮುಂದಿನ ವಾರ ಇಂಜಿನ್ನಲ್ಲಿರ್ತೀನಿ," ಎನ್ನುತ್ತ ಚೀಲದ ಗಂಟಿಗೆ ಕೈ ಹಾಕಿದ.

"ಹಸಿರು," ಎಂದಳು.

ಅವನು ನಕ್ಕ. "ಏನು?"

"ಹಸಿರು ರೀ. ಕಡುಹಸಿರು. ಮೀನು ಬಿಡಬೇಡಿ."

ಕೈ ಗಂಟಿನ ಮೇಲೇ ನಿಂತಿತು. "ಇವತ್ತಾ?"

"ಒಂಬತ್ತು ದಿನದಿಂದ."

ಅಷ್ಟರಲ್ಲಿ ನೀರಪ್ಪ ಒದ್ದೆ ಕೈಯಲ್ಲೇ ಹೊರಗೆ ಬಂದು, "ತಪ್ಪು ನಂದಪ್ಪ, ನಾನು ತೊಳೆದೆ. ಅವಳಿಗೆ ಏನೂ ಅನ್ನಬೇಡ," ಎಂದರು. ಮಗ ಅವರ ಕಡೆ ತಿರುಗಲೇ ಇಲ್ಲ. ತೊಟ್ಟಿಯ ವಿಷಯ ಅಲ್ಲಿಗೇ ಬಿಟ್ಟುಬಿಟ್ಟಿದ್ದ.

"ಪುಟ್ಟಿಯ ಚೀಲ?" ಎಂದು ಹೆಂಡತಿಯನ್ನು ಕೇಳಿದ.

"ಕಂದು."

"ಬಚ್ಚಲಿನ ಬಕೆಟ್ಟು ಹಸಿರು ಅಂದಿದ್ದೆ."

"ಕೆಂಪು."

"ಛತ್ರಿ?"

"ಅದೂ ಅಲ್ಲ."

"ಎದುರುಮನೆ ಪರದೆ. ಅದನ್ನ ನಾನೇ ಸ್ವಂತ ಕಂಡುಹಿಡಿದೆ. ಅವತ್ತು ನೀನು ಭೇಷ್ ಅಂದೆ."

ಅವಳು ಅಲ್ಲ ಎಂಬಂತೆ ತಲೆಯಾಡಿಸಿದಳು. ಮಗಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಒಂದಾದ್ರೂ ಸರಿ ಇತ್ತಾ?"

"ಇಲ್ಲ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೂ ಒಂದು ದಾರಿ ಸಿಗುತ್ತಿತ್ತು, ತಿರುಗಿ ನಾಲ್ಕು ಮಾತು ಆಡಿ ಅತ್ತು ಹಗುರಾಗಬಹುದಿತ್ತು. ಟ್ಯೂಬಿನ ನೀರನ್ನು ಸಿಂಕಿಗೆ ಚೆಲ್ಲಿ, ತೊಳೆದು, ಬೋರಲು ಹಾಕಿದ. "ಇಂಜಿನ್ನಿನಲ್ಲಿ ಜೊತೆಗಿರೋನು ಹೀಗೆ ಮಾಡಿದ್ರೆ ಅವನ ಕೆಲಸ ಹೋಗುತ್ತೆ," ಎಂದ ಮೆಲ್ಲಗೆ.

"ನಾನು ಇಂಜಿನ್ನಲ್ಲಿಲ್ಲ. ನಿಮ್ಮ ಹೆಂಡತಿ ನಾನು. ನೀವು ಉಣ್ಣದೆ ಗೋಡೆ ನೋಡ್ತಾ ಕೂತಿದ್ರಿ, ಎರಡು ತಿಂಗಳು! ಏನು ಮಾಡ್ಬೇಕಿತ್ತು ನಾನು?"

"ಹೆಂಡತಿ ಅಂತಾನೇ ನಿನ್ನನ್ನ ಕೇಳಿದ್ದು," ಎಂದು ಅವನು ಮೀನಿನ ಚೀಲ ಎತ್ತಿಕೊಂಡು, ವಾಪಸು ಕೊಡಲು ಅಂಗಡಿಗೆ ಹೊರಟ.

ಸೋಮವಾರ ಪರೀಕ್ಷೆಗೆ ಹೋದ. ನಿಯಮ, ಹೋಗಲೇಬೇಕಿತ್ತು. ಮಧ್ಯಾಹ್ನ ಬಂದು, "ಬಣ್ಣದ ಚುಕ್ಕೆಯೊಳಗೆ ಅಂಕಿ ಇರೋ ಚಿತ್ರ ಇಪ್ಪತ್ತು ತೋರಿಸಿದ್ರು. ಒಂದು ಹೇಳಿದೆ. ಅದು ಬಣ್ಣ ತಿಳಿಯದೋರಿಗೂ ಕಾಣೋದಂತೆ," ಎಂದ. ಬುಧವಾರದಿಂದ ಡಿಪೋ ಕಚೇರಿಯ ಮೇಜಿಗೆ ಹೋಗತೊಡಗಿದ. ಬೆಳಿಗ್ಗೆ ಡಬ್ಬಿ ಕಟ್ಟಿಕೊಟ್ಟರೆ ತೆಗೆದುಕೊಳ್ಳುತ್ತಿದ್ದ, ಸಂಜೆ ಖಾಲಿ ಡಬ್ಬಿ ತೊಳೆದಿಡುತ್ತಿದ್ದ. ಅಪ್ಪನ ಜೊತೆ ಪೇಪರಿನ ಸುದ್ದಿ ಮಾತಾಡುತ್ತಿದ್ದ. ಮಗಳಿಗೆ ಬೈಯಲಿಲ್ಲ. ಎಲ್ಲ ಸರಿಹೋಯಿತು ಎಂದೇ ನೀರಪ್ಪ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ತೊಟ್ಟಿಯನ್ನೂ ಅವನು ಬಿಡಲಿಲ್ಲ. ಮೊದಲಿಂದ ಶುರು ಮಾಡಿದ. ಹೊಸ ಪುಟ, ಒಂದನೇ ದಿನ. ಅವಳು ಸಂಜೆ ಅನ್ನಕ್ಕಿಟ್ಟು ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅವನು ಟ್ಯೂಬಿಗೆ ಹನಿ ಬಿಟ್ಟು, ಅಲುಗಾಡಿಸಿ, ಬಣ್ಣದ ಪಟ್ಟಿಯನ್ನು ಜೇಬಿಗಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಬಾಲ್ಕನಿಯಿಂದ ನೋಡಿದಳು. ಬೀದಿಯಲ್ಲಿ ಗಡಿಯಾರ ರಿಪೇರಿಯವನ ಗೂಡಂಗಡಿ ಇತ್ತು. ಈ ಮನೆಗೂ ಅವನಿಗೂ ಹೋಗಿ ಬರುವ ಬಳಕೆಯೇನೂ ಇಲ್ಲ. ಗಂಡ ಅಲ್ಲಿ ನಿಂತು ಟ್ಯೂಬು ಕೊಟ್ಟ. ಗಡಿಯಾರದವನು ಒಂದು ಕಣ್ಣಿಗೆ ಹಾಕಿಕೊಂಡಿದ್ದ ಭೂತಗನ್ನಡಿ ತೆಗೆದು, ಟ್ಯೂಬನ್ನು ಅಂಗಡಿಯ ದೀಪಕ್ಕೆ ಹಿಡಿದು, ಪಟ್ಟಿಗೆ ಹೋಲಿಸಿ ಏನೋ ಒಂದು ಮಾತು ಹೇಳಿದ. ಅವಳ ಗಂಡನ ತುಟಿ ಅದನ್ನೇ ತಿರುಗಿ ಹೇಳಿತು. ಮಾರನೇ ದಿನವೂ ಹಾಗೇ ಆಯಿತು, ಅದರ ಮಾರನೇ ದಿನವೂ. ಎಂಟನೇ ದಿನ ಅವಳು ಬಾಲ್ಕನಿಯಲ್ಲಿ ಎಷ್ಟು ಹೊತ್ತು ನಿಂತಳೋ, ಒಳಗೆ ಬಂದಾಗ ಪಲ್ಯ ತಳ ಹಿಡಿಯುವುದರಲ್ಲಿತ್ತು. ಬೇಗ ಬೇಗ ಇಳಿಸಿದಳು.

ಅವನು ಬಂದು ಪುಸ್ತಕದಲ್ಲಿ ಬರೆದು ಮುಚ್ಚಿದ. ಮಗಳು ಇನ್ನೂ ಬಂದಿರಲಿಲ್ಲ. ಮಾವನಿಗೆ ರಾತ್ರಿ ಹಾಲು, ಬ್ರೆಡ್ಡು ಅಷ್ಟೆ.

"ಏನಂತೆ ಇವತ್ತು?" ಎಂದಳು.

"ಬರೆದಿದ್ದೀನಿ, ನೋಡ್ಕೋ."

"ಬಡಿಸ್ಲಾ?"

"ಬಡಿಸು."

ಅನ್ನ, ಆಲೂಗಡ್ಡೆ ಪಲ್ಯ ಬಡಿಸಿದಳು. ಅವನು ತಲೆ ಬಗ್ಗಿಸಿ ತಿನ್ನತೊಡಗಿದ. ಒಂದು ತುತ್ತು, ಎರಡು ತುತ್ತು. ಮನೆಯಲ್ಲಿ ಏನಾದರೂ ಒಂದು ಮಾತು ಬರಲಿ ಎಂದು ಅವಳು, "ಪಲ್ಯ ಹೇಗಿದೆ?" ಎಂದಳು.

"ಚೆನ್ನಾಗಿದೆ."

"ಉಪ್ಪು ಸರಿಯಾಗಿದೆಯಾ?"

"ಸರಿಯಾಗಿದೆ," ಎಂದು ತಟ್ಟೆ ಒರೆಸಿ ತಿಂದು, ಕೈ ತೊಳೆದು ಎದ್ದುಹೋದ.

ಅವಳು ತನಗೂ ಒಂದು ತಟ್ಟೆ ಬಡಿಸಿಕೊಂಡು ಕೂತು ಮೊದಲ ತುತ್ತು ಬಾಯಿಗಿಟ್ಟಳು. ಪಲ್ಯಕ್ಕೆ ಉಪ್ಪೇ ಹಾಕಿರಲಿಲ್ಲ.